ಕರುಳಿನ ಬ್ಯಾಕ್ಟೀರಿಯಾಗಳ ಹೆಸರು ಯಾಕೆ ಬದಲಾಗುತ್ತಲೇ ಇದೆ?

ಆರೋಗ್ಯವಂತ ವಯಸ್ಕರ ದೊಡ್ಡ ಕರುಳಿನಲ್ಲಿ ಕಡ್ಡಿಯಾಕಾರದ ಒಂದು ಬ್ಯಾಕ್ಟೀರಿಯಾ ಇದೆ. ಮಲದಲ್ಲಿ ಸಿಗುವ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಸುಮಾರು ಐದು ಇದೇ. ಕೆಲವರಲ್ಲಿ ಇನ್ನೂ ಹೆಚ್ಚು. ನಾವು ತಿಂದು ಜೀರ್ಣವಾಗದೆ ಕೆಳಗಿಳಿದ ನಾರಿನಂಶವನ್ನು ಹುದುಗಿಸಿ ಇದು ಬ್ಯೂಟಿರೇಟ್ ತಯಾರಿಸುತ್ತದೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ನಮಗೆ ಇಷ್ಟು ಹತ್ತಿರದ ಈ ಜೀವಿಯನ್ನು 1937ರಲ್ಲಿ ಬ್ಯಾಕ್ಟೀರಾಯಿಡಿಸ್ ಎಂಬ ಕುಲಕ್ಕೆ ಸೇರಿಸಿದ್ದರು. 1970ರಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಕುಲಕ್ಕೆ ಒಯ್ದರು. 2002ರಲ್ಲಿ ಅದಕ್ಕೆಂದೇ ಫೀಕಾಲಿಬ್ಯಾಕ್ಟೀರಿಯಂ ಎಂಬ ಹೊಸ ಕುಲ ಮಾಡಿದರು. ಹೆಸರಿನ ಎರಡನೆಯ ಭಾಗ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು: ಪ್ರೌಸ್ನಿಟ್ಜಿಯೈ. ಪ್ರೌಸ್ನಿಟ್ಸ್ ಎಂಬ ಬ್ಯಾಕ್ಟೀರಿಯಾ ತಜ್ಞರ ನೆನಪಿಗೆ ಇಟ್ಟದ್ದು ಅದು.

ಬ್ಯಾಕ್ಟೀರಿಯಾದ ಹೆಸರಿನ ಮೊದಲ ಭಾಗ ಕುಲವನ್ನು ಹೇಳುತ್ತದೆ, ಎರಡನೆಯದು ಪ್ರಭೇದವನ್ನು. ಮನೆತನದ ಹೆಸರು ಮತ್ತು ಇಟ್ಟ ಹೆಸರು ಇದ್ದ ಹಾಗೆ. ಒಂದೇ ಕುಲದ ಹೆಸರು ಹೊತ್ತ ಎರಡು ಬ್ಯಾಕ್ಟೀರಿಯಾಗಳು ಹತ್ತಿರದ ನೆಂಟರು ಎಂದು ಆ ಹೆಸರೇ ಸಾರುತ್ತಿರುತ್ತದೆ. ಆ ನೆಂಟಸ್ತಿಕೆ ಸುಳ್ಳು ಎಂದು ಗೊತ್ತಾದ ದಿನ ಹೆಸರು ಬದಲಾಗಬೇಕಾಗುತ್ತದೆ. ಇಲ್ಲಿ ಆದ ತಪ್ಪು ಸಣ್ಣದೂ ಆಗಿರಲಿಲ್ಲ. ಪ್ರಾಣಿಗಳ ಲೆಕ್ಕದಲ್ಲಿ ಹೇಳುವುದಾದರೆ, ಹಸುವನ್ನು ಜೇಡದ ಮನೆತನಕ್ಕೆ ಸೇರಿಸಿದ್ದಕ್ಕೆ ಸಮ.

ಹಾಗಾದರೆ ಹಿಂದಿನವರು ಬೇಜವಾಬ್ದಾರಿಯಿಂದ ಕೆಲಸ ಮಾಡಿದ್ದರೇ? ಇಲ್ಲ. 1970ರ ವಿಜ್ಞಾನಿಗಳು ತಮ್ಮ ಕಾಲದ ನಿಯಮವನ್ನು ಚಾಚೂತಪ್ಪದೆ ಪಾಲಿಸಿದ್ದರು. ಅದಕ್ಕೇ ಈ ಕಥೆ ನನಗೆ ಮುಖ್ಯ ಅನ್ನಿಸುತ್ತದೆ.

ಆಗಿನ ನಿಯಮ ಹೀಗಿತ್ತು. ಮೊದಲು ಸೂಕ್ಷ್ಮದರ್ಶಕದಲ್ಲಿ ಆಕಾರ ನೋಡಬೇಕು: ಕಡ್ಡಿಯೋ, ಗುಂಡೋ, ಸುರುಳಿಯೋ. ಆಮೇಲೆ ಗ್ರಾಂ ಬಣ್ಣ ಹಾಕಬೇಕು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ದಪ್ಪ ಕೋಶಭಿತ್ತಿಯ ಬ್ಯಾಕ್ಟೀರಿಯಾ ನೇರಳೆ ಬಣ್ಣ ಹಿಡಿದಿಟ್ಟುಕೊಳ್ಳುತ್ತದೆ, ಅದು ಗ್ರಾಂ ಪಾಸಿಟಿವ್. ಭಿತ್ತಿ ತೆಳುವಾಗಿದ್ದರೆ ನೇರಳೆ ತೊಳೆದುಹೋಗಿ, ಆಮೇಲೆ ಹಾಕಿದ ಗುಲಾಬಿ ಬಣ್ಣ ಕಾಣುತ್ತದೆ, ಅದು ಗ್ರಾಂ ನೆಗೆಟಿವ್. ಮುಂದೆ ಆಮ್ಲಜನಕ ಬೇಕೋ ಬೇಡವೋ, ಬಿಸಿಗೂ ಒಣಗಿಗೂ ಜಗ್ಗದ ಬೀಜಾಣು ಕಟ್ಟುತ್ತದೆಯೋ ಇಲ್ಲವೋ ನೋಡಬೇಕು. ಕೊನೆಗೆ, ಅದು ಬೆಳೆದ ದ್ರವದಲ್ಲಿ ಯಾವ ಯಾವ ಆಮ್ಲ ಸೇರಿದೆ ಎಂದು ಅಳೆಯಬೇಕು. ಅಮೆರಿಕದ ವರ್ಜೀನಿಯಾ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಮೂರ್ ಮತ್ತು ಹೋಲ್ಡ್‌ಮನ್ ಈ ಕೊನೆಯ ಕೆಲಸವನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದ ನೆರವಿನಿಂದ ಬಹಳ ಶಿಸ್ತಾಗಿ ಮಾಡುತ್ತಿದ್ದರು. ಗಾಳಿ ತಾಗಿದರೆ ಸಾಯುವ ಬ್ಯಾಕ್ಟೀರಿಯಾಗಳ ಬಗ್ಗೆ ಜಗತ್ತಿಗೆ ಗೊತ್ತಿದ್ದುದರಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು.

ನಮ್ಮ ಬ್ಯಾಕ್ಟೀರಿಯಾ ಈ ಪರೀಕ್ಷೆಗಳಿಗೆ ಕೊಟ್ಟ ಉತ್ತರ: ಕಡ್ಡಿ ಆಕಾರ, ಗುಲಾಬಿ ಬಣ್ಣ, ಆಮ್ಲಜನಕ ಬೇಡ, ಬೀಜಾಣು ಇಲ್ಲ, ಮುಖ್ಯವಾಗಿ ಬರುವ ಆಮ್ಲ ಬ್ಯೂಟಿರಿಕ್. ಪುಸ್ತಕದ ಪ್ರಕಾರ ಈ ಐದೂ ಸೇರಿದರೆ ಫ್ಯೂಸೋಬ್ಯಾಕ್ಟೀರಿಯಂ. ಹಾಗೆಂದೇ ಬರೆದರು. ಇದರಲ್ಲಿ ಜೀವರಾಸಾಯನಿಕ ಸಾಕ್ಷ್ಯವೂ ಇತ್ತು ಎಂಬುದನ್ನು ಗಮನಿಸಿ. ಸಾಕ್ಷ್ಯ ನಿಜವೇ ಹೇಳಿತ್ತು. ಅದರಿಂದ ನೆಂಟಸ್ತಿಕೆ ಊಹಿಸಿದ್ದು ತಪ್ಪಾಯಿತು.

ನೆಂಟಸ್ತಿಕೆಯನ್ನು ನೇರವಾಗಿ ಓದುವ ದಾರಿಯನ್ನು ತೋರಿಸಿದ್ದು ಅಮೆರಿಕದ ಕಾರ್ಲ್ ವೋಸ್. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಕಾರ್ಖಾನೆ ರೈಬೋಸೋಮ್. ಅದಿಲ್ಲದೆ ಯಾವ ಜೀವಿಯೂ ಇಲ್ಲ. ಬ್ಯಾಕ್ಟೀರಿಯಾಗಳ ರೈಬೋಸೋಮಿನ ಒಂದು ಭಾಗವನ್ನು 16ಎಸ್ ಆರ್‌ಎನ್‌ಎ ಅನ್ನುತ್ತಾರೆ. ಸುಮಾರು 1500 ಅಕ್ಷರಗಳ ಒಂದು ಸಂದೇಶ ಅದು. ಕೆಲಸ ಅಷ್ಟು ಮುಖ್ಯವಾದ್ದರಿಂದ ಅದರಲ್ಲಿ ಮನಬಂದಂತೆ ಬದಲಾವಣೆ ನಡೆಯುವುದಿಲ್ಲ. ಕೋಟಿಗಟ್ಟಲೆ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ, ಆ ಬದಲಾವಣೆ ಮುಂದಿನ ಪೀಳಿಗೆಗೆ ಹೋಗುತ್ತದೆ.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರಿಗೆ ಈ ತರ್ಕ ಹೊಸದೇನಲ್ಲ. ಒಂದೇ ಕಾವ್ಯದ ಹತ್ತು ಓಲೆಗರಿ ಪ್ರತಿಗಳು ಸಿಕ್ಕಿವೆ ಎನ್ನಿ. ನಕಲು ಮಾಡುವಾಗ ಒಬ್ಬ ಲಿಪಿಕಾರ ಒಂದು ಕಡೆ ಅಕ್ಷರ ತಪ್ಪಿದ. ಅವನ ಪ್ರತಿಯನ್ನು ನೋಡಿ ನಕಲು ಮಾಡಿದವರೆಲ್ಲ ಅದೇ ತಪ್ಪನ್ನು ಉಳಿಸಿಕೊಂಡು ಹೋದರು, ಮೇಲೊಂದಿಷ್ಟು ತಮ್ಮದನ್ನೂ ಸೇರಿಸಿದರು. ಯಾವ ಯಾವ ಪ್ರತಿಗಳಲ್ಲಿ ಒಂದೇ ತಪ್ಪು ಇದೆ ಎಂದು ಹೋಲಿಸಿದರೆ ಯಾವುದರಿಂದ ಯಾವುದು ಇಳಿದುಬಂತು ಎಂಬ ವಂಶಾವಳಿಯೇ ಸಿಗುತ್ತದೆ. ಓಲೆಯ ಬಣ್ಣ, ಉದ್ದಗಲ, ಕಟ್ಟಿದ ದಾರ ಇವನ್ನು ನೋಡಿ ಆ ವಂಶಾವಳಿ ಬರೆಯಲಾಗದು. ವೋಸ್ 1970ರ ದಶಕದಲ್ಲಿ ಬ್ಯಾಕ್ಟೀರಿಯಾಗಳಿಗೆ ಮಾಡಿದ್ದು ಇದನ್ನೇ: ಹೊರಕಟ್ಟು ಬಿಟ್ಟು ಪಾಠಾಂತರ ಹೋಲಿಸಿದರು.

1996ರಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಪ್ರೌಸ್ನಿಟ್ಜಿಯೈಯ 16ಎಸ್ ಅಕ್ಷರಮಾಲೆ ಪ್ರಕಟವಾಯಿತು. ಅದು ಉಳಿದ ಫ್ಯೂಸೋಬ್ಯಾಕ್ಟೀರಿಯಂಗಳ ಹತ್ತಿರ ಎಲ್ಲಿಯೂ ಸುಳಿಯಲಿಲ್ಲ. ಬಂದು ಕೂತದ್ದು ಕ್ಲಾಸ್ಟ್ರಿಡಿಯಂ ಲೆಪ್ಟಂ ಎಂಬುದರ ಬಳಗದಲ್ಲಿ, ಅಂದರೆ ಗ್ರಾಂ ಪಾಸಿಟಿವ್ ಮನೆತನದಲ್ಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ ಗುಲಾಬಿ ಹಿಡಿದದ್ದೆಲ್ಲ ಗ್ರಾಂ ನೆಗೆಟಿವ್ ಮನೆತನದ್ದಲ್ಲ. ನಿಜವಾದ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ. ಕೊಬ್ಬು ಮತ್ತು ಸಕ್ಕರೆ ಬೆಸೆದ ಒಂದು ವಿಶಿಷ್ಟ ಅಣು ಆ ಪೊರೆಯ ಗುರುತು. ಪ್ರೌಸ್ನಿಟ್ಜಿಯೈಗೆ ಆ ಅಣು ಇಲ್ಲ. ಬಣ್ಣ ನಿಲ್ಲಲಿಲ್ಲ, ಅಷ್ಟೇ.

ಇಷ್ಟಾದರೂ ತಕ್ಷಣ ಹೆಸರು ಬದಲಾಗಲಿಲ್ಲ. ಒಂದು ಜೀನ್ ಹೀಗೆ ಹೇಳುತ್ತದೆ ಎಂದ ಮಾತ್ರಕ್ಕೆ ಹೊಸ ಕುಲ ಕಟ್ಟಲಾಗದು. ಆ ಜೀವಿ ಹೇಗೆ ಬದುಕುತ್ತದೆ ಎಂಬುದನ್ನೂ ತೋರಿಸಿಕೊಡಬೇಕು. ಆ ಕೆಲಸ ಮಾಡಿದ್ದು ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿದ್ದ ರೋವೆಟ್ ಸಂಶೋಧನಾ ಸಂಸ್ಥೆಯ ಸಿಲ್ವಿಯಾ ಡಂಕನ್, ಹ್ಯಾರಿ ಫ್ಲಿಂಟ್ ಮತ್ತು ಸಂಗಡಿಗರು. ಅವರು ಮತ್ತೆ ಅದೇ ಹಳೆಯ ಪ್ರಶ್ನೆಗೆ ಹೋದರು: ಇದು ಏನು ತಿನ್ನುತ್ತದೆ, ಏನು ಬಿಡುತ್ತದೆ?

ಈ ಬಾರಿ ಇನ್ನಷ್ಟು ಆಳವಾಗಿ ಕೇಳಿದರು. ಬ್ಯೂಟಿರೇಟ್ ಬರುತ್ತದೆ ಸರಿ, ಎಲ್ಲಿಂದ? ಫ್ಯೂಸೋಬ್ಯಾಕ್ಟೀರಿಯಂ ಕುಲದ ಮಾದರಿಯಾದ ನ್ಯೂಕ್ಲಿಯೇಟಂ ಮುಖ್ಯವಾಗಿ ಪ್ರೋಟೀನಿನ ತುಣುಕುಗಳನ್ನೂ ಅಮೈನೋ ಆಮ್ಲಗಳನ್ನೂ ತಿಂದು ಬ್ಯೂಟಿರೇಟ್ ಬಿಡುತ್ತದೆ. ಪ್ರೌಸ್ನಿಟ್ಜಿಯೈ ಸಕ್ಕರೆಗಳನ್ನು ತಿನ್ನುತ್ತದೆ. ಜೊತೆಗೆ ಸುತ್ತಲಿನ ಅಸಿಟೇಟನ್ನೂ, ಅಂದರೆ ವಿನೆಗರ್‌ನಲ್ಲಿರುವ ಆಮ್ಲವನ್ನೂ, ಹೀರಿಕೊಳ್ಳುತ್ತದೆ. ಅಸಿಟೇಟ್ ಸಿಗದಿದ್ದರೆ ಅದರ ಬೆಳವಣಿಗೆ ಕುಂಠಿತ. ಕರುಳಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಹೊರಹಾಕಿದ ಅಸಿಟೇಟ್ ಇದಕ್ಕೆ ಕಚ್ಚಾವಸ್ತು; ಇದು ಹೊರಹಾಕಿದ ಬ್ಯೂಟಿರೇಟ್ ನಮ್ಮ ಕೋಶಗಳಿಗೆ ಊಟ. ಬ್ಯೂಟಿರೇಟಿನ ಜೊತೆ ಡಿ-ಲ್ಯಾಕ್ಟೇಟ್ ಮತ್ತು ಫಾರ್ಮೇಟ್ ಕೂಡ ಬರುತ್ತವೆ ಎಂದು ಅವರು ತೋರಿಸಿದರು. ಎರಡು ಮನೆಗಳಲ್ಲೂ ಸಾರೇ ಮಾಡುತ್ತಾರೆ, ಆದರೆ ಬೇಳೆ ಬೇರೆ, ಒಗ್ಗರಣೆ ಬೇರೆ ಎಂದು ಗೊತ್ತಾದ ಹಾಗೆ.

ಇನ್ನೊಂದು ಸಾಕ್ಷ್ಯ ಡಿಎನ್ಎಯ ಒಟ್ಟು ಸಂಯೋಜನೆ. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಜಿ ಮತ್ತು ಸಿ ಎಂಬ ಎರಡರ ಪಾಲು ಎಷ್ಟು ಎಂಬುದು ಹಳೆಯ ಅಳತೆ. ಎರಡು ಜೀವಿಗಳಲ್ಲಿ ಈ ಪಾಲು ಒಂದೇ ಇದ್ದರೆ ಅವು ನೆಂಟರೆಂದು ಹೇಳಲಾಗದು. ತುಂಬ ಬೇರೆಯಾಗಿದ್ದರೆ ಮಾತ್ರ ಹತ್ತಿರದ ನೆಂಟರಲ್ಲ ಎಂದು ಖಚಿತವಾಗಿ ಹೇಳಬಹುದು. ನ್ಯೂಕ್ಲಿಯೇಟಂನಲ್ಲಿ ಅದು ನೂರಕ್ಕೆ ಸುಮಾರು 27. ಪ್ರೌಸ್ನಿಟ್ಜಿಯೈ ತಳಿಗಳಲ್ಲಿ 47ರಿಂದ 57. ಇಷ್ಟರ ಮೇಲೆ ಫ್ಯೂಸೋಬ್ಯಾಕ್ಟೀರಿಯಂ ಎಂಬ ಹೆಸರಿಗೆ ಆಧಾರ ಉಳಿಯಲಿಲ್ಲ. 47ಕ್ಕೂ 57ಕ್ಕೂ ನಡುವಿನ ಆ ಹತ್ತರ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು, ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಜೀನ್ ಓದುವುದು ಇಷ್ಟು ಸುಲಭವಾದ ಮೇಲೆ ಈ ತಿನ್ನುವ-ಬಿಡುವ ಲೆಕ್ಕವೆಲ್ಲ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಬ್ಯೂಟಿರೇಟ್ ಮಾಡುವ ಸಾಮರ್ಥ್ಯ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಮನೆತನಗಳಲ್ಲಿ ಚದುರಿಕೊಂಡಿದೆ, ಆದ್ದರಿಂದ ಗುಣ ಮಾತ್ರ ನೋಡಿದರೆ 1970ರ ತಪ್ಪೇ ಮರುಕಳಿಸುತ್ತದೆ. ಬ್ಯಾಕ್ಟೀರಿಯಾಗಳು ನೆಂಟರಲ್ಲದವರಿಂದಲೂ ಜೀನ್ ಪಡೆಯುತ್ತವೆ, ಹಾಗಾಗಿ ಯಾವುದೋ ಒಂದು ಜೀನ್ ಮಾತ್ರ ನೋಡಿದರೂ ದಾರಿ ತಪ್ಪಬಹುದು. 16ಎಸ್‌ಗೂ ಮಿತಿಯಿದೆ: ಅದು ಬದಲಾಗುವುದೇ ನಿಧಾನವಾದ್ದರಿಂದ ಇತ್ತೀಚೆಗೆ ಕವಲೊಡೆದ ಎರಡು ಪ್ರಭೇದಗಳನ್ನು ಬೇರ್ಪಡಿಸಲು ಅದರಿಂದ ಆಗುವುದಿಲ್ಲ. ಈಗ ಪೂರ್ತಿ ಜೀನೋಮನ್ನೇ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಸರಾಸರಿ ಹೋಲಿಕೆ ಸುಮಾರು 95 ಪ್ರತಿಶತಕ್ಕಿಂತ ಕಡಿಮೆಯಾದರೆ ಬೇರೆ ಬೇರೆ ಪ್ರಭೇದ ಎಂಬುದು ರೂಢಿ. ಆದರೆ ಪ್ರತಿಶತದ ಲೆಕ್ಕ ನೆಂಟಸ್ತಿಕೆ ಹೇಳೀತೇ ಹೊರತು, ಆ ಜೀವಿ ನಮ್ಮ ಹೊಟ್ಟೆಯಲ್ಲಿ ಏನು ಮಾಡುತ್ತಿದೆ ಎಂದು ಹೇಳಲಾರದು.

ಎಷ್ಟೋ ಹಳೆಯ ಕುಲಗಳು ಅರ್ಜಿ ನಮೂನೆಯ ಕೊನೆಯಲ್ಲಿರುವ ‘ಇತರೆ’ ಎಂಬ ಕಲಂ ಇದ್ದಂತೆ ಇದ್ದವು. ಗ್ರಾಂ ಪಾಸಿಟಿವ್ ಕಡ್ಡಿ, ಆಮ್ಲಜನಕ ಬೇಡ, ಬೀಜಾಣು ಕಟ್ಟುತ್ತದೆ ಎಂದಾದರೆ ಕ್ಲಾಸ್ಟ್ರಿಡಿಯಂ. ಬೀಜಾಣು ಇಲ್ಲ, ಬೇರೆಲ್ಲೂ ಹೊಂದುವುದಿಲ್ಲ ಎಂದಾದರೆ ಯೂಬ್ಯಾಕ್ಟೀರಿಯಂ. 1994ರಲ್ಲಿ ಬ್ರಿಟನ್ನಿನ ಮ್ಯಾಥ್ಯೂ ಕಾಲಿನ್ಸ್ ಮತ್ತು ಸಂಗಡಿಗರು ಕ್ಲಾಸ್ಟ್ರಿಡಿಯಂಗಳನ್ನೂ ಅವುಗಳ ನೆಂಟರನ್ನೂ 16ಎಸ್ ಆಧಾರದಲ್ಲಿ ಜೋಡಿಸಿದಾಗ 19 ಗುಂಪುಗಳಾದವು. ಕುಲದ ಮಾದರಿಯಾದ ಕ್ಲಾಸ್ಟ್ರಿಡಿಯಂ ಬ್ಯೂಟಿರಿಕಂ ಇದ್ದದ್ದು ಮೊದಲ ಗುಂಪಿನಲ್ಲಿ. ಆಸ್ಪತ್ರೆಗಳಿಗೆ ತಲೆನೋವಾಗಿರುವ ಡಿಫಿಸಿಲ್ ಹನ್ನೊಂದನೆಯದರಲ್ಲಿ.

ಈ ಡಿಫಿಸಿಲ್‌ನ ಮರುನಾಮಕರಣಕ್ಕೆ ಬೇರೆಯೇ ತೊಡಕಿತ್ತು. 1935ರಲ್ಲಿ ಹಾಲ್ ಮತ್ತು ಒಟೂಲ್ ನವಜಾತ ಶಿಶುಗಳ ಮಲದಿಂದ ಇದನ್ನು ಪ್ರತ್ಯೇಕಿಸಿದರು. ಬೆಳೆಸುವುದು ಕಷ್ಟವಾದ್ದರಿಂದಲೇ ಆ ಹೆಸರು. 1970ರ ದಶಕದ ಕೊನೆಗೆ, ಆ್ಯಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಬರುವ ತೀವ್ರ ಭೇದಿಗೂ ಕರುಳಿನ ಉರಿಯೂತಕ್ಕೂ ಇದೇ ಕಾರಣ ಎಂದು ಗೊತ್ತಾಯಿತು. ಸಕ್ಕರೆ ಹುದುಗಿಸಿ ಬ್ಯೂಟಿರೇಟ್ ಮಾಡುವ ಬ್ಯೂಟಿರಿಕಂ ಎಲ್ಲಿ, ಅಮೈನೋ ಆಮ್ಲಗಳನ್ನು ಜೋಡಿಜೋಡಿಯಾಗಿ ಒಡೆದು ಶಕ್ತಿ ಪಡೆಯಬಲ್ಲ ಇದೆಲ್ಲಿ? ಬೇರೆ ಕುಲ ಎಂಬುದರಲ್ಲಿ ಅನುಮಾನವಿರಲಿಲ್ಲ. 2013ರಲ್ಲಿ ಪೆಪ್ಟೋಕ್ಲಾಸ್ಟ್ರಿಡಿಯಂ ಎಂಬ ಹೆಸರಿನ ಪ್ರಸ್ತಾವ ಬಂತು. ಆದರೆ ಅಷ್ಟರಲ್ಲಿ ವೈದ್ಯರು, ದಾದಿಯರು, ರೋಗಿಗಳು, ಪ್ರಯೋಗಾಲಯದ ನಮೂನೆಗಳು, ಔಷಧದ ಚೀಟಿಗಳು ಎಲ್ಲ ಕಡೆ ‘ಸಿ. ಡಿಫ್’ ಎಂಬ ಚುಟುಕು ಹೆಸರು ಬೇರೂರಿತ್ತು. ‘ಪಿ. ಡಿಫ್’ ಎಂದರೆ ಯಾರಿಗೆ ಅರ್ಥವಾದೀತು? 2016ರಲ್ಲಿ ಪಾಲ್ ಲಾಸನ್, ಡಯಾನ್ ಸಿಟ್ರನ್, ಕೆರಿನ್ ಟಿರೆಲ್ ಮತ್ತು ಸಿಡ್ನಿ ಫೈನ್‌ಗೋಲ್ಡ್ ಸೂಚಿಸಿದ ಹೆಸರು ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲ್. ಕ್ಲಾಸ್ಟ್ರಿಡಿಯಂನಂತಿರುವುದು ಎಂದು ಅರ್ಥ. ವಿಜ್ಞಾನವೂ ಉಳಿಯಿತು, ‘ಸಿ’ಯೂ ಉಳಿಯಿತು. ಹಾಸಿಗೆಯಲ್ಲಿ ಮಲಗಿದ ರೋಗಿಯ ವರದಿಯಲ್ಲಿ ಗೊಂದಲವಾಗಬಾರದು ಎಂಬ ಕಾಳಜಿ ವರ್ಗೀಕರಣದೊಳಕ್ಕೂ ಬಂದದ್ದು ನನಗೆ ಬಹಳ ಮೆಚ್ಚುಗೆಯ ವಿಷಯ.

ಅದೇ ಕಾಳಜಿ 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಒಡೆದಾಗಲೂ ಕಾಣಿಸಿತು. ಆಗ ಆ ಕುಲದಲ್ಲಿ 261 ಪ್ರಭೇದಗಳಿದ್ದವು. ಹಲವು ದೇಶಗಳ ತಜ್ಞರು ಜೀನೋಮ್‌ಗಳನ್ನು ಹೋಲಿಸಿ ಅದನ್ನು 25 ಕುಲಗಳಾಗಿ ಹಂಚಿದರು, ಅದರಲ್ಲಿ 23 ಹೊಚ್ಚ ಹೊಸವು. ಹೆಚ್ಚು ಬಳಕೆಯಲ್ಲಿದ್ದ ಪ್ರಭೇದಗಳ ಹೊಸ ಹೆಸರುಗಳು ಬಹುಮಟ್ಟಿಗೆ ‘ಎಲ್’ನಿಂದಲೇ ಶುರುವಾಗುವಂತೆ ನೋಡಿಕೊಂಡರು. ರ‍್ಯಾಮ್ನೋಸಸ್ ಮತ್ತು ಕೇಸಿಯೈ ಲ್ಯಾಕ್ಟಿಕೇಸಿಬ್ಯಾಸಿಲಸ್ ಆದವು, ಪ್ಲಾಂಟಾರಂ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಆಯಿತು, ರಾಯ್ಟರಿ ಮತ್ತು ಫರ್ಮೆಂಟಂ ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಆದವು. ಅಸಿಡೋಫಿಲಸ್‌ನಂಥ ಕೆಲವು ಹಳೆಯ ಮನೆಯಲ್ಲೇ ಉಳಿದವು.

ಈ ಹಂಚಿಕೆಯ ಜೀವರಾಸಾಯನಿಕ ತಿರುಳು ನಮ್ಮ ಅಡುಗೆಮನೆಯಲ್ಲೇ ಇದೆ. ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗಿ ಕೂರುತ್ತದೆ, ಉಬ್ಬುವುದಿಲ್ಲ. ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುತ್ತದೆ. ಹುಳಿ ಎರಡರಲ್ಲೂ ಇದೆ. ಹೆಪ್ಪಿನ ಮುಖ್ಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಬಹುಮಟ್ಟಿಗೆ ಲ್ಯಾಕ್ಟಿಕ್ ಆಮ್ಲವನ್ನಾಗಿಯೇ ಮಾಡುತ್ತವೆ. ಇಡ್ಲಿ ಹಿಟ್ಟಿನಲ್ಲಿ ಮುಂದಾಳುವಾದ ಲ್ಯುಕೋನೋಸ್ಟಾಕ್‌ನಂಥವು ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ಹಳೆಯ ಲ್ಯಾಕ್ಟೋಬ್ಯಾಸಿಲಸ್ ಕುಲದಲ್ಲಿ ಈ ಎರಡೂ ಬಗೆಯವು ಕಲಸುಮೇಲೋಗರವಾಗಿ ಕೂತಿದ್ದವು. ಜೀನೋಮಿನ ವಂಶವೃಕ್ಷ ಬರೆದಾಗ ಅನಿಲ ಬಿಡುವವು ಒಂದು ಕೊಂಬೆಯಲ್ಲಿ ಒಟ್ಟಾಗಿ ನಿಂತವು. ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಆ ಕೊಂಬೆಯದು. ಎರಡು ಸಾಕ್ಷಿಗಳು ಒಬ್ಬರನ್ನೊಬ್ಬರು ನೋಡದೆ ಒಂದೇ ಮಾತು ಹೇಳಿದಂತಾಯಿತು.

ಭಾರತೀಯರ ಕರುಳಿನ ಬಗ್ಗೆ ಓದಿದವರಿಗೆ ಪ್ರಿವೋಟೆಲ್ಲಾ ಎಂಬ ಹೆಸರು ಪರಿಚಿತ. ಧಾನ್ಯ, ಕಾಳು, ಸೊಪ್ಪು ಹೆಚ್ಚು ತಿನ್ನುವ ನಮ್ಮಲ್ಲಿ ಇದು ಹೇರಳ ಎಂದು ಇಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಇದು ಮೊದಲು ಬ್ಯಾಕ್ಟೀರಾಯಿಡಿಸ್ ಕುಲದೊಳಗಿತ್ತು. ಪಿತ್ತರಸವನ್ನು ತಡೆದುಕೊಳ್ಳಲಾರದವು ಎಂಬುದೂ ಸೇರಿದಂತೆ ಹಲವು ಗುಣಗಳ ಆಧಾರದಲ್ಲಿ 1990ರಲ್ಲಿ ಹೊರಬಂತು. 2022ರಲ್ಲಿ ಜೀನೋಮ್ ಆಧಾರದಲ್ಲಿ ಮತ್ತೆ ಒಡೆದು, ಪ್ರಿವೋಟೆಲ್ಲಾ ಕೋಪ್ರಿ ಈಗ ಸೆಗಟೆಲ್ಲಾ ಕೋಪ್ರಿ. ಅದಕ್ಕೂ ಮೊದಲೇ, 2019ರಲ್ಲಿ, ಕೋಪ್ರಿ ಎಂದು ಕರೆಯುತ್ತಿದ್ದದ್ದು ಒಂದಲ್ಲ, ಸ್ಪಷ್ಟವಾಗಿ ಬೇರೆಯಾದ ನಾಲ್ಕು ಕವಲುಗಳು ಎಂದು ಗೊತ್ತಾಗಿತ್ತು. ಒಂದು ಸಂಶೋಧನೆ ಇದನ್ನು ಸಂಧಿವಾತಕ್ಕೆ ತಳುಕು ಹಾಕಿತ್ತು, ಇನ್ನೊಂದು ಬಾರ್ಲಿ ಬ್ರೆಡ್ ತಿಂದವರಲ್ಲಿ ಸಕ್ಕರೆ ಹತೋಟಿಗೆ ಬಂದದ್ದರ ಜೊತೆ ಜೋಡಿಸಿತ್ತು. ಒಂದೇ ಹೆಸರಿನಡಿ ಬೇರೆ ಬೇರೆ ಜೀವಿಗಳಿದ್ದದ್ದೂ ಈ ವೈರುಧ್ಯಕ್ಕೆ ಒಂದು ಕಾರಣವಿರಬಹುದು.

ಹೆಸರು ಬದಲಿಸಲು ನಿಯಮಾವಳಿ ಇದೆ. ಪ್ರತಿ ಪ್ರಭೇದಕ್ಕೂ ಒಂದು ಮಾದರಿ ತಳಿ ಇರಬೇಕು. ಹೊಸ ಪ್ರಭೇದವನ್ನು ಸೂಚಿಸುವವರು ಅದರ ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು, ಬೇಕಾದವರು ತರಿಸಿ ಪರೀಕ್ಷಿಸಲು ಸಾಧ್ಯವಾಗಬೇಕು. ಹೆಸರು ಸದಾ ಆ ಮಾದರಿಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಮಾತು ಅನೇಕರಿಗೆ ಗೊತ್ತಿರುವುದಿಲ್ಲ: ಹೊಸ ಹೆಸರು ಬಂದ ಕೂಡಲೇ ಹಳೆಯದು ಅಸಿಂಧುವಾಗುವುದಿಲ್ಲ. ನಿಯಮಬದ್ಧವಾಗಿ ಪ್ರಕಟವಾದ ಹೆಸರುಗಳಲ್ಲಿ ಯಾವ ವರ್ಗೀಕರಣ ಸರಿ ಎಂದು ಒಪ್ಪುವುದು ವಿಜ್ಞಾನಿಗಳಿಗೆ ಬಿಟ್ಟದ್ದು. ಪ್ರೋಬಯೋಟಿಕ್ ಪೊಟ್ಟಣದ ಮೇಲೆ ಇನ್ನೂ ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಎಂದೇ ಇದ್ದರೆ ಅದು ಮೋಸವಲ್ಲ. ಒಳಗಿನ ಬ್ಯಾಕ್ಟೀರಿಯಾ ಬದಲಾಗಿಲ್ಲ.

ಮಾದರಿ ತಳಿಯ ಈ ನಿಯಮ ಪ್ರೌಸ್ನಿಟ್ಜಿಯೈಗೆ ಕೊಟ್ಟ ತಿರುವು ದೊಡ್ಡದು. 2008ರಲ್ಲಿ ಫ್ರಾನ್ಸಿನ ಹ್ಯಾರಿ ಸೊಕೋಲ್ ಮತ್ತು ಸಂಗಡಿಗರು, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಶಸ್ತ್ರಚಿಕಿತ್ಸೆಯಾದವರ ಪೈಕಿ ಯಾರಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆಯಿತ್ತೋ ಅವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ತೋರಿಸಿದರು. ಇಲಿಗಳಿಗೆ ಇದನ್ನು ಕೊಟ್ಟಾಗ ಉರಿಯೂತ ತಗ್ಗಿತು. ಅಲ್ಲಿಂದ ಮುಂದೆ ಫೀಕಾಲಿಬ್ಯಾಕ್ಟೀರಿಯಂ ಪ್ರೌಸ್ನಿಟ್ಜಿಯೈ ಜಗತ್ತಿನಾದ್ಯಂತ ಅಧ್ಯಯನದ ವಸ್ತುವಾಯಿತು. ಅವರು ಬಳಸಿದ್ದು ಎ2-165 ಎಂಬ ತಳಿ. ಆಮೇಲೆ ಬಂದ ಎಷ್ಟೋ ಪ್ರಯೋಗಗಳಲ್ಲೂ ಅದೇ. ಪ್ರಭೇದದ ಮಾದರಿ ತಳಿ ಮಾತ್ರ ಬೇರೊಂದು.

47ರಿಂದ 57ರ ಆ ಹತ್ತರ ಅಂತರ ನೆನಪಿದೆಯಲ್ಲ? ಒಂದೇ ಪ್ರಭೇದದೊಳಗೆ ಅಷ್ಟು ಹರವು ಇರುವುದು ಅಸಹಜ. ಪೂರ್ತಿ ಜೀನೋಮ್‌ಗಳು ಸಿಕ್ಕ ಮೇಲೆ ಕಾರಣ ತಿಳಿಯಿತು: ಅಲ್ಲಿ ಹಲವು ಪ್ರಭೇದಗಳಿದ್ದವು. 2022ರಲ್ಲಿ ಜಪಾನಿನ ಮಿಟ್ಸುವೊ ಸಾಕಾಮೊಟೊ ಮತ್ತು ಸಂಗಡಿಗರು ಜೀನೋಮ್, ಬೆಳವಣಿಗೆಯ ಗುಣ, ಕೋಶದ ರಾಸಾಯನಿಕ ಘಟಕಗಳು ಮೂರನ್ನೂ ಪರಿಶೀಲಿಸಿ ಹೊಸ ಪ್ರಭೇದಗಳನ್ನು ಹೆಸರಿಸಿದರು. ಎ2-165 ಮಾದರಿ ತಳಿಯ ಪ್ರಭೇದಕ್ಕೆ ಸೇರದೆ ಹೊರಗುಳಿಯಿತು. ಅದಕ್ಕೆ ಈಗ ಫೀಕಾಲಿಬ್ಯಾಕ್ಟೀರಿಯಂ ಡಂಕನಿಯೇ ಎಂದು ಹೆಸರು, 2002ರಲ್ಲಿ ಆ ಕುಲವನ್ನು ಕಟ್ಟಿದ ಸಿಲ್ವಿಯಾ ಡಂಕನ್ ಅವರ ಗೌರವಾರ್ಥ. ಅಂದರೆ ಪ್ರೌಸ್ನಿಟ್ಜಿಯೈಯ ಗುಣವೆಂದು ನಾವು ಓದಿದ್ದರಲ್ಲಿ ಎಷ್ಟೋ ಭಾಗ ನಿಜಕ್ಕೂ ಡಂಕನಿಯೇಯದು. ಹಳೆಯ ಪ್ರಬಂಧ ತೆರೆಯುವವರು ಪ್ರಭೇದದ ಹೆಸರಿನ ಮುಂದಿರುವ ತಳಿಸಂಖ್ಯೆಯನ್ನು ಮೊದಲು ನೋಡಬೇಕು.

ಕೆಲಸ ಇನ್ನೂ ಬಾಕಿ ಇದೆ. ಮಲದ ಮಾದರಿಯಿಂದ ನೇರವಾಗಿ ಡಿಎನ್ಎ ಓದಿದಾಗ ಫೀಕಾಲಿಬ್ಯಾಕ್ಟೀರಿಯಂನ ಇನ್ನೂ ಹಲವು ಗುಂಪುಗಳು ಕಾಣುತ್ತವೆ. ಅವುಗಳ ಅಕ್ಷರಮಾಲೆ ಕಂಪ್ಯೂಟರಿನಲ್ಲಿದೆ, ಜೀವಂತ ಮಾದರಿ ಯಾವ ಸಂಗ್ರಹದಲ್ಲೂ ಇಲ್ಲ. ಗಾಳಿ ತಗುಲಿದರೆ ಕೆಲವೇ ನಿಮಿಷಗಳಲ್ಲಿ ಸಾಯುವ ಜೀವಿ ಇದು. ಆಮ್ಲಜನಕವಿಲ್ಲದ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಒಂದೊಂದನ್ನೇ ಬೆಳೆಸಿ, ಏನು ತಿನ್ನುತ್ತದೆ, ಏನು ಬಿಡುತ್ತದೆ ಎಂದು ಅಳೆಯುವವರೆಗೆ ಅವು ಹೆಸರಿಗಾಗಿ ಕಾಯಬೇಕು.